ವಾರ್ಡಿಗೆ ನಾನಿಟ್ಟ ಮೂಗು

ಅತ್ತಿಗುಪ್ಪೆಯ ಈ ಮನೆಗೆ ನಾವು ಬಂದು ಮೂವತ್ತು ವರ್ಷ ದಾಟಿತು. ಮನೆ ಇದ್ದಲ್ಲೇ ಇದೆ. ವಾರ್ಡು ಮಾತ್ರ ಬಾಡಿಗೆದಾರರ ಹಾಗೆ ಆಗಾಗ ಬದಲಾಗುತ್ತಲೇ ಇರುತ್ತದೆ. ಒಮ್ಮೆ ನಂಬರು ಹೋಯಿತು, ಒಮ್ಮೆ ಹೆಸರು ಹೋಯಿತು. ಎದುರು ಮನೆಯವರು ಬೇರೆ ವಾರ್ಡಿಗೆ ಸೇರಿ, ಮತ್ತೆ ನಮ್ಮ ವಾರ್ಡಿಗೇ ವಾಪಸ್ಸು ಬಂದರು. ಈ ಮಧ್ಯೆ ಅವರು ಹಾಲು ತರುವುದಕ್ಕೆ ಬಿಟ್ಟರೆ ಗೇಟು ದಾಟಿದವರಲ್ಲ. ಇಷ್ಟು ಸಲ ಗೆರೆ ಎಳೆದು ಅಳಿಸಿದ್ದಾರಲ್ಲ, ಚುನಾವಣೆಯೊಂದು ಯಾವಾಗ ಎಂದು ಕೇಳಿದರೆ ಮಾತ್ರ ಎಲ್ಲರೂ ಆಕಾಶ ನೋಡುತ್ತಾರೆ.

ಈ ಸಲ ಹೊಸ ವಾರ್ಡುಗಳ ಕರಡು ನಕ್ಷೆ ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಅಡುಗೆಮನೆಯಲ್ಲಿ ಅವರೆಕಾಳು ಬಿಡಿಸುತ್ತಾ ಕೂತಿದ್ದೆ. ನನ್ನ ಯಜಮಾನರಿಗೆ ಫೋನಿನಲ್ಲಿ ನಕ್ಷೆ ಸಿಕ್ಕಿದರೆ ಮುಗಿಯಿತು, ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಯಾರ ಮನೆಯ ನೀರಿನ ತೊಟ್ಟಿ ಎಲ್ಲಿದೆ ಎನ್ನುವವರೆಗೆ ಹೋಗುತ್ತಾರೆ. ಹಾಗೆ ಹಿಗ್ಗಿಸುತ್ತಾ ಹೇರೋಹಳ್ಳಿ ಕಡೆ ಹೋದವರು ನಕ್ಕರು. "ಇಲ್ ನೋಡೇ, ನಿಮ್ಮ ಸ್ಕೂಲ್ ಹತ್ರ ಈ ವಾರ್ಡಿಗೆ ಮೂಗು ಬಂದಿದೆ" ಅಂದರು.

ನೋಡಿದೆ. ಒಂದು ವಾರ್ಡಿನ ಗಡಿ ರಾಜಕಾಲುವೆಯ ಗುಂಟ ನೆಟ್ಟಗೆ ಬರುತ್ತಾ ಬರುತ್ತಾ, ಒಂದು ಕಡೆ ಇದ್ದಕ್ಕಿದ್ದಂತೆ ಕಾಲುವೆ ದಾಟಿ ಆಚೆ ದಡಕ್ಕೆ ಚಾಚಿ, ಒಂದು ಸಾಲು ಮನೆಗಳನ್ನು ಬಳಸಿಕೊಂಡು ಮತ್ತೆ ಈಚೆಗೆ ಬಂದಿತ್ತು. ಥೇಟ್ ಮೂಗು. ನನಗೂ ನಗು ಬಂತು, ಆದರೆ ಅರ್ಧಕ್ಕೇ ನಿಂತಿತು. ಆ ಮೂಗು ನನಗೆ ಗೊತ್ತಿತ್ತು. ಅದನ್ನು ಬಿಡಿಸಿದವಳು ನಾನೇ.

ಇದು ಹೇಗೆ ಎಂದು ತಿಳಿಯಬೇಕಾದರೆ ಸ್ವಲ್ಪ ಪಾಠ ಕೇಳಬೇಕು. ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿ ನಿವೃತ್ತಳಾದವಳು ನಾನು, ಪಾಠ ಮಾಡದೆ ಇರಲಾರೆ. ವಾರ್ಡುಗಳ ಮರುವಿಂಗಡಣೆಯನ್ನು ನಾನು ಮಕ್ಕಳಿಗೆ ಬೆಂಚು ತೋರಿಸಿ ಹೇಳುತ್ತಿದ್ದೆ. ಒಂದು ಬೆಂಚಿನಲ್ಲಿ ಮೂವರು, ಇನ್ನೊಂದರಲ್ಲಿ ಒಂಬತ್ತು ಜನ ಕೂತಿದ್ದರೆ, ಬೆಂಚಿಗೆ ಒಂದೇ ಓಟು ಅಂದರೆ ಒಂಬತ್ತು ಜನಕ್ಕೆ ಮೋಸ. ಎಬ್ಬಿಸಿ ಸಮನಾಗಿ ಕೂರಿಸಬೇಕು. ಊರಿನಲ್ಲಾದರೆ ಜನರನ್ನು ಎಬ್ಬಿಸುವುದಕ್ಕಾಗುವುದಿಲ್ಲ, ಅದಕ್ಕೆ ಬೆಂಚನ್ನೇ ಎಳೆದಾಡುತ್ತಾರೆ. ರಾಜಾಜಿನಗರದ ಬ್ಲಾಕುಗಳಲ್ಲಿ ಜನ ಹೆಚ್ಚೂಕಡಿಮೆ ಇದ್ದಷ್ಟೇ ಇದ್ದಾರೆ. ಹೇರೋಹಳ್ಳಿ ಕಡೆ ನಾನು ಕಣ್ಣಾರೆ ಕಂಡ ರಾಗಿ ಹೊಲಗಳು ಸೈಟುಗಳಾಗಿ, ಸೈಟುಗಳು ನಾಲ್ಕು ಮಹಡಿಗಳಾಗಿ, ಪ್ರತಿ ಮಹಡಿಗೆ ಎರಡು ಸಂಸಾರ ಬಂದಿವೆ. ಹಾಗಾಗಿ ಅಲ್ಲಿನ ವಾರ್ಡುಗಳನ್ನು ಕತ್ತರಿಸಬೇಕು, ಇಲ್ಲಿನವನ್ನು ಹಿಗ್ಗಿಸಬೇಕು. ಆದರೆ ಮನಸ್ಸಿಗೆ ಬಂದಲ್ಲಿ ಗೆರೆ ಎಳೆಯುವಂತಿಲ್ಲ. ಜನಗಣತಿಯಲ್ಲಿ ಊರನ್ನು ಸಣ್ಣ ಸಣ್ಣ ಬ್ಲಾಕು ಮಾಡಿ ಒಬ್ಬೊಬ್ಬ ಗಣತಿದಾರರಿಗೆ ಒಂದೊಂದು ಕೊಟ್ಟಿರುತ್ತಾರಲ್ಲ, ಆ ಬ್ಲಾಕೇ ಇಟ್ಟಿಗೆ. ಇಟ್ಟಿಗೆ ಒಡೆಯಬಾರದು, ಜೋಡಿಸಬಹುದು ಅಷ್ಟೆ. ಕಳೆದ ಗಣತಿ ಆದ ಮೇಲೆ ಇನ್ನೊಂದು ಗಣತಿಯ ಲೆಕ್ಕ ಇನ್ನೂ ಕೈಗೆ ಬಂದಿಲ್ಲ. ಆದ್ದರಿಂದ ಎಷ್ಟು ಸಲ ಗೆರೆ ಎಳೆದರೂ ಇಟ್ಟಿಗೆ ಮಾತ್ರ ಅವವೇ. ಅದರಲ್ಲೊಂದು ಇಟ್ಟಿಗೆ ನಾನು ಹಾಕಿದ್ದು, ಸೊಟ್ಟಗೆ.

ಹದಿನಾಲ್ಕು ವರ್ಷದ ಹಿಂದಿನ ಆ ಗಣತಿಗೆ ನಮ್ಮ ಸ್ಕೂಲಿನ ಎಲ್ಲ ಟೀಚರುಗಳನ್ನೂ ಹಾಕಿದ್ದರು. ನನಗೆ ಕಾಲುವೆಯ ಈಚೆ ದಡದ ಬ್ಲಾಕು, ನಮ್ಮ ಗಣಿತದ ಟೀಚರಿಗೆ ಆಚೆ ದಡದ್ದು. ಗಣಿತದ ಟೀಚರು ನನಗಿಂತ ಸ್ವಲ್ಪ ಚಿಕ್ಕವರು, ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ. ಗಣತಿಯ ಎರಡನೆಯ ದಿನ ಬೆಳಿಗ್ಗೆ ಅವರು ಒಂದು ಅಂಗಡಿಯ ಕಟ್ಟೆಯ ಮೇಲೆ ಫಾರಂಗಳನ್ನು ಎದೆಗವಚಿಕೊಂಡು ಕೂತಿದ್ದರು. ಮುಖ ಬಿಳುಚಿಕೊಂಡಿತ್ತು, ಕಾಲು ಚಪ್ಪಲಿಗೆ ಹಿಡಿಯದಷ್ಟು ಊದಿತ್ತು. ನಲವತ್ತೈದು ಹತ್ತಿರವಾದ ಮೇಲೆ ಅವರು ಬಸುರಿಯಾಗಿದ್ದರು. ಹಿಂದೆ ಎರಡು ಸಲ ಗರ್ಭ ನಿಂತಿರಲಿಲ್ಲ. ಡಾಕ್ಟರು ಹತ್ತುವುದು ಇಳಿಯುವುದು ಬೇಡ ಅಂದಿದ್ದರು. ಹಾಗಾದರೆ ಡ್ಯೂಟಿಯಿಂದ ಬಿಡುಗಡೆ ಕೇಳಿ ಅಂದೆ. ಕೇಳಬೇಕಾದರೆ ಹೆಡ್ಮಾಸ್ಟರಿಗೆ ಕಾರಣ ಬರೆದುಕೊಡಬೇಕು, ಬರೆದುಕೊಟ್ಟರೆ ಊಟದ ಬೆಲ್ಲು ಹೊಡೆಯುವಷ್ಟರಲ್ಲಿ ಇಡೀ ಸ್ಕೂಲಿಗೆ ಗೊತ್ತಾಗುತ್ತದೆ. ಅವರ ಅತ್ತೆ ಐದು ತಿಂಗಳು ತುಂಬುವವರೆಗೆ ಯಾರ ಕಿವಿಗೂ ಹಾಕಕೂಡದು, ದೃಷ್ಟಿ ಆಗುತ್ತದೆ ಅಂದಿದ್ದರಂತೆ. ಎರಡು ಸಲ ಕಳೆದುಕೊಂಡವರಿಗೆ ದೃಷ್ಟಿಗಿಷ್ಟಿ ಎಲ್ಲ ಸುಳ್ಳು ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಅವರ ಬ್ಲಾಕಿನಲ್ಲಿ ಮಿಕ್ಕ ಬೀದಿಗಳು ಸಮತಟ್ಟು. ತೊಂದರೆಯಿದ್ದದ್ದು ಒಂದೇ ಸಾಲಿನಲ್ಲಿ. ಕಾಲುವೆಯ ಅಂಚಿಗೆ ತಗ್ಗಿನಲ್ಲಿದ್ದ ಇಪ್ಪತ್ತೆರಡು ಮನೆಗಳು. ಅವರ ಕಡೆಯಿಂದ ಅಲ್ಲಿಗೆ ಜಾರುವ ಮಣ್ಣಿನ ಮೆಟ್ಟಿಲಿಳಿದು ಹೋಗಬೇಕು. ನನ್ನ ಕಡೆಯಿಂದಾದರೆ ಕಾಲುವೆಗೆ ಅಡ್ಡ ಮಲಗಿಸಿದ್ದ ಎರಡು ಹಳೇ ಕರೆಂಟು ಕಂಬಗಳ ಮೇಲೆ ನಾಲ್ಕು ಹೆಜ್ಜೆ. ಆ ಸಾಲು ನಾನು ನೋಡಿಕೊಳ್ಳುತ್ತೇನೆ, ನೀವು ಮೇಲಿನ ಬೀದಿ ಮುಗಿಸಿ ಮನೆಗೆ ಹೋಗಿ ಮಲಗಿ ಅಂದೆ. ಅವರು ಅತ್ತೇಬಿಟ್ಟರು. ನನಗೆ ನನ್ನ ಬಗ್ಗೆಯೇ ಬಹಳ ಹೆಮ್ಮೆಯಾಯಿತು.

ಕಂಬದ ಮೇಲೆ ಸೀರೆ ಎತ್ತಿ ಹಿಡಿದು ದಾಟಿ ಹೋದೆ, ಇಪ್ಪತ್ತೆರಡು ಮನೆಗಳನ್ನೂ ಬರೆದುಕೊಂಡೆ. ನ್ಯಾಯವಾಗಿ ಅವನ್ನು ಗಣಿತದ ಟೀಚರ ಫಾರಂಗಳಲ್ಲಿ, ಅವರ ಕ್ರಮಸಂಖ್ಯೆಯಲ್ಲಿ ತುಂಬಬೇಕಿತ್ತು. ಅವರ ಫಾರಂ ಅವರ ಬಳಿ ಇತ್ತು, ಬಿಸಿಲು ಏರಿತ್ತು, ನನ್ನದೇ ಕ್ರಮಸಂಖ್ಯೆ ಮುಂದುವರಿಸಿಕೊಂಡು ಹೋದೆ. ಆಮೇಲೆ ನಕ್ಷೆ. ನಕ್ಷೆ ಬಿಡಿಸುವುದರಲ್ಲಿ ನನಗೆ ಸ್ವಲ್ಪ ಕೊಬ್ಬು. ಕಾಲುವೆಗೆ ನೀಲಿ ಪೆನ್ಸಿಲಿನಲ್ಲಿ ಅಲೆ ಹಾಕಿ, ಕಂಬಕ್ಕೆ ಎರಡು ಗೆರೆ ಎಳೆದು, ಆಚೆ ಸಾಲನ್ನು ನನ್ನ ಬ್ಲಾಕಿಗೆ ಸೇರಿಸಿ ಚೊಕ್ಕವಾಗಿ ಗಡಿ ಹಾಕಿದೆ. ಮೇಲ್ವಿಚಾರಕರು ಇದೊಂದು ನಕ್ಷೆ ಅಂದರೆ ನಕ್ಷೆ ಎಂದು ಎಲ್ಲರಿಗೂ ತೋರಿಸಿದರು. ಜನ ಯಾರೂ ಬಿಟ್ಟುಹೋಗಿಲ್ಲ, ಒಟ್ಟು ಲೆಕ್ಕ ಸರಿಯಾಗಿದೆ, ಮತ್ತೇನು ಬೇಕು ಅಂದುಕೊಂಡೆ.

ಆ ಸಾಲಿನ ನಡುವಿನ ಮನೆಯಲ್ಲಿ ಒಬ್ಬಳು ಹೊಲಿಯುತ್ತಾ ಕೂತಿದ್ದಳು. ಪ್ರಶ್ನೆ ಕೇಳುತ್ತಾ ಕೇಳುತ್ತಾ ಅವಳ ಕೈಯಲ್ಲಿದ್ದ ರವಿಕೆಯ ಕುತ್ತಿಗೆ ನೋಡಿದೆ, ನಮ್ಮ ವಿಜಯನಗರದ ಟೈಲರುಗಳು ನಾಚಬೇಕು ಹಾಗಿತ್ತು. ಮಾರನೇ ವಾರವೇ ಬಟ್ಟೆ ತೆಗೆದುಕೊಂಡು ಹೋದೆ. ಅಂದಿನಿಂದ ನನ್ನ ರವಿಕೆಗಳೆಲ್ಲ ಅವಳ ಕೈಯವೇ. ಮನೆ ಹತ್ತಿರವೇ ಟೈಲರುಗಳಿದ್ದೂ ಎರಡು ಬಸ್ಸು ಹಿಡಿದು ಹೇರೋಹಳ್ಳಿಗೆ ಹೋಗುವ ನನ್ನ ಚಟ ನೋಡಿ ಮಗಳು ನಗುತ್ತಾಳೆ.

ಮೊದಲೆಲ್ಲ ಅವಳ ದೂರು ಗಂಡನ ಬಗ್ಗೆ ಇರುತ್ತಿತ್ತು, ಆಮೇಲೆ ನೀರಿನ ಬಗ್ಗೆ. ಮೇಲಿನ ಲೇಔಟುಗಳ ನೀರೆಲ್ಲ ಕಾಲುವೆಗೆ ಬಿದ್ದು, ಜೋರು ಮಳೆ ಬಂದಾಗ ಆ ಸಾಲಿನ ಮನೆಗಳೊಳಗೆ ಮೊಣಕಾಲು ಮಟ್ಟ ನುಗ್ಗುತ್ತಿತ್ತು. ಬೇಕಾಗಿದ್ದದ್ದು ದಡಕ್ಕೊಂದು ತಡೆಗೋಡೆ. ಕಂಬಗಳು ಎಂದೋ ಕೊಚ್ಚಿಹೋಗಿದ್ದವು. ಹಿಂದಿನ ಸಲ ವಾರ್ಡಿನ ಗೆರೆ ಎಳೆದಾಗಿನಿಂದ, ಅಂದರೆ ಮೂರು ಮಳೆಗಾಲದಿಂದ, ಅವಳು ಅರ್ಜಿ ಹಿಡಿದು ಅಲೆಯುತ್ತಿದ್ದಳು. ಆಚೆ ದಡದ ವಾರ್ಡ್ ಆಫೀಸಿನ ಇಂಜಿನಿಯರು ಪುಸ್ತಕ ತೆಗೆದು ನೋಡಿ, ಈ ಸಾಲು ನಮ್ಮ ವಾರ್ಡಿನದಲ್ಲ ಅನ್ನುತ್ತಿದ್ದರು. ಈಚೆ ದಡದ ಆಫೀಸಿನವರು ಪುಸ್ತಕದಲ್ಲಿ ನಮ್ಮದೇ, ಆದರೆ ನಿಮ್ಮ ಮನೆಗೆ ಬರುವ ರಸ್ತೆ ನಮ್ಮದಲ್ಲ, ಲಾರಿ ಎಲ್ಲಿಂದ ತರೋಣ ಅನ್ನುತ್ತಿದ್ದರು. ಒಂದು ಮಳೆಯಲ್ಲಿ ಯಾರದೋ ಮದುವೆಯ ರೇಷ್ಮೆ ರವಿಕೆ ಪೀಸುಗಳು ನೆಂದು ಬಣ್ಣ ಬಿಟ್ಟವು, ಮೆಷಿನ್ನಿನ ಮೋಟರು ಸುಟ್ಟಿತು. ಇನ್ನೊಂದು ಸಲ ಹೀಗಾದರೆ ಹೊಲಿಗೆ ಬಿಟ್ಟು ಗಾರ್ಮೆಂಟ್ಸಿಗೆ ಹೋಗುವುದೇ ಸೈ ಅಂದಿದ್ದಳು. ನಾನು ಅವಳ ಎದುರು ಕೂತು, ಯಾವನೋ ಎ.ಸಿ. ರೂಮಿನಲ್ಲಿ ಕೂತು ಕಣ್ಣು ಮುಚ್ಚಿಕೊಂಡು ಗೆರೆ ಎಳೆದಿದ್ದಾನೆ, ಅಂಥವನನ್ನು ತಂದು ಈ ನೀರಿನಲ್ಲಿ ನಿಲ್ಲಿಸಬೇಕು ಎಂದು ಬಾಯಿಗೆ ಬಂದ ಹಾಗೆ ಬೈದಿದ್ದೆ. ಅವಳು ನನಗೆ ಕಾಫಿ ಕೊಟ್ಟಿದ್ದಳು.

ಅವರೆಕಾಳಿನ ಮುಂದೆ ಕೂತ ಆ ಬೆಳಿಗ್ಗೆ ನೆನಪಾದದ್ದು ಆ ಕಾಫಿ. ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

ಕರಡಿಗೆ ಆಕ್ಷೇಪಣೆ ಕೊಡಲು ಹದಿನೈದು ದಿನ ಕೊಟ್ಟಿದ್ದರು. ಅಷ್ಟರಲ್ಲಿ ಹೇಳದಿದ್ದರೆ ಮೂಗು ಗಟ್ಟಿಯಾಗುತ್ತದೆ, ಇನ್ನೆಷ್ಟು ವರ್ಷಕ್ಕೋ. ನಾನು ಮೊದಲು ಗಣಿತದ ಟೀಚರ ಮನೆಗೆ, ಬಸವೇಶ್ವರನಗರಕ್ಕೆ, ಓಡಿದೆ. ಅವರು ಈಗ ಬೇರೆ ಸ್ಕೂಲಿನಲ್ಲಿ ಹೆಡ್ಮಿಸ್ಸು, ನಿವೃತ್ತಿಗೆ ಕೆಲವೇ ತಿಂಗಳು. ವಿಷಯ ಹೇಳಿದೊಡನೆ ಕೈಯಲ್ಲಿದ್ದ ಚಕ್ಕುಲಿ ತಟ್ಟೆ ಕೆಳಗಿಟ್ಟರು. ಗಣತಿಗೆ ಹೋಗದೆ ಹೋದೆನೆಂದು ಸಹಿ ಹಾಕಿದ್ದು ಗೊತ್ತಾದರೆ ನಿವೃತ್ತಿಯ ಫೈಲು ಯಾವ ಮೇಜಿನ ಮೇಲೆ ಕೂತು ಬಿಡುತ್ತದೋ ಎಂದು ಅವರಿಗೆ ಭಯ. ನಿಮ್ಮ ಹೆಸರು ಬರೆಯುವುದಿಲ್ಲ, ತಪ್ಪು ನನ್ನದೇ ಎಂದು ಬರೆಯುತ್ತೇನೆ ಅಂದೆ. ಆಚೆ ಬ್ಲಾಕು ಎಂದು ಬರೆದರೆ ಅದು ಯಾರ ಬ್ಲಾಕು ಎಂದು ಕೇಳದೆ ಬಿಡುತ್ತಾರೆಯೇ ಅಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. "ಇಷ್ಟು ವರ್ಷ ಆದ್ಮೇಲೆ ಯಾಕ್ರೀ ಇದೆಲ್ಲ" ಅಂದರು. ನಾನು ರೇಗಿ ಎದ್ದು ಬಂದೆ. ಬಸ್ಸಿನಲ್ಲಿ ಬರುತ್ತಾ, ಆ ದಿನ ಅಷ್ಟು ದೊಡ್ಡ ಮನಸ್ಸು ಮಾಡಿದವಳು ಇವತ್ತು ಅದನ್ನೇ ಹಿಡಿದು ಅವರನ್ನು ಹೆದರಿಸುತ್ತಿದ್ದೇನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ಆದರೂ ಟೈಲರಿಗೆ ಹೇಳದೆ ಇರುವುದಕ್ಕಾಗಲಿಲ್ಲ. ಹೊಲಿಸುವುದಕ್ಕೇನೂ ಇಲ್ಲದಿದ್ದರೂ ಒಂದು ರವಿಕೆ ಪೀಸು ಹಿಡಿದುಕೊಂಡು ಹೋದೆ, ಕೈಗೆ ಏನಾದರೂ ಬೇಕಲ್ಲ. ಗೆರೆ ಎಳೆದವನು ಎ.ಸಿ. ರೂಮಿನವನಲ್ಲ, ನಾನು ಎಂದೆ. ಇನ್ನೊಬ್ಬ ಟೀಚರಿಗೆ ಮೈ ಸರಿಯಿರಲಿಲ್ಲ, ಅವರ ಸಾಲನ್ನು ನಾನು ಮಾಡಿಕೊಟ್ಟೆ, ಹಾಗೆ ಆಯಿತು ಎಂದೆ. ಯಾರು, ಏನಾಗಿತ್ತು ಎಂದು ಹೇಳಲಿಲ್ಲ. ಅವಳು ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಅವ್ರಿಗೆ ಮಾಡ್ಕೊಟ್ಟಿದ್ದು ತಪ್ಪಲ್ಲ ಮೇಡಂ" ಅಂದಳು. "ಈ ಸಾಲು ಅವ್ರದ್ದು ಅಂತ ಒಂದು ಚೀಟಿ ಬರೆದಿಟ್ಟಿದ್ರೆ ಸಾಕಿತ್ತಲ್ಲ."

ಅವಳು ಸೂಜಿಗೆ ದಾರ ಪೋಣಿಸಿ ಎದ್ದಳು. ಅರ್ಜಿ ಹೇಗೆ ಬರೆಯಬೇಕೋ ಬರೆಯಿರಿ ಅಂದಳು. ನಾನು ಬರೆದು ಮುಗಿಸುವಷ್ಟರಲ್ಲಿ ಸಾಲಿನ ಮನೆಮನೆಗೂ ಹೋಗಿ ಸಹಿ ಹಾಕಿಸಿಕೊಂಡು ಬಂದಿದ್ದಳು, ಒಂದೆರಡು ಹೆಬ್ಬೆಟ್ಟು ಸೇರಿ. ರವಿಕೆ ಪೀಸು ಮಾತ್ರ ವಾಪಸ್ಸು ಕೊಟ್ಟಳು.

ಆಕ್ಷೇಪಣೆ ಕೊಟ್ಟವರನ್ನೆಲ್ಲ ಪೇಪರಿನಲ್ಲಿ ದಿನ ಪ್ರಕಟಿಸಿ ಕರೆದು ಕೇಳಿದರು. ದೊಡ್ಡ ಹಾಲ್, ನೂರಾರು ಪ್ಲಾಸ್ಟಿಕ್ ಕುರ್ಚಿ, ವೇದಿಕೆಯ ಮೇಲೆ ನನ್ನ ಹಳೇ ವಿದ್ಯಾರ್ಥಿಯ ವಯಸ್ಸಿನ ಒಬ್ಬ ಅಧಿಕಾರಿ. ಒಬ್ಬೊಬ್ಬರಿಗೆ ಎರಡು ನಿಮಿಷ. ಒಬ್ಬರ ದೇವಸ್ಥಾನ ಒಂದು ವಾರ್ಡಿನಲ್ಲಿ, ಅದರ ಚಪ್ಪಲಿ ಸ್ಟ್ಯಾಂಡು ಇನ್ನೊಂದರಲ್ಲಿ. ಕೆಂಗೇರಿ ಕಡೆಯ ಒಬ್ಬರು ತಮ್ಮ ವಾರ್ಡಿನ ಹೆಸರು ಸಪ್ಪೆಯಾಗಿದೆ, ಬದಲಾಯಿಸಿ ಅಂದರು. ಒಬ್ಬ ತರುಣ ತನ್ನ ಬೀದಿಯನ್ನು ಪಕ್ಕದ ವಾರ್ಡಿಗೆ ಸೇರಿಸಬೇಕೆಂದು ಬಹಳ ಚೆನ್ನಾಗಿ ವಾದಿಸಿದ. ಅಲ್ಲಿ ತಾನು ನಿಲ್ಲಬೇಕೆಂದಿದ್ದೇನೆ ಎಂಬುದನ್ನು ಮಾತ್ರ ಹೇಳಲಿಲ್ಲ, ಅದು ಅವನ ಬಿಳಿ ಷರ್ಟೇ ಹೇಳುತ್ತಿತ್ತು. ಟೈಲರು ನನ್ನ ಪಕ್ಕದಲ್ಲಿ ಅರ್ಜಿಯ ಕವರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ನನ್ನ ಸರದಿ ಬಂತು. ಹೇಳಿದೆ. ಅಧಿಕಾರಿ ತಾಳ್ಮೆಯಿಂದಲೇ ಕೇಳಿದರು, ಆಮೇಲೆ ಕಂಪ್ಯೂಟರು ನೋಡಿ, ಗಣತಿಯ ದಾಖಲೆಯಲ್ಲಿ ಈ ಸಾಲು ನಿಮ್ಮ ಬ್ಲಾಕಿನಲ್ಲೇ ಇದೆ ಅಂದರು. ದಾಖಲೆ ತಪ್ಪು ಅನ್ನುವುದಕ್ಕೆ ಇನ್ನೊಂದು ದಾಖಲೆ ಬೇಕು, ನಿಮ್ಮ ಬಾಯಿಮಾತಿನ ಮೇಲೆ ಗೆರೆ ತಿದ್ದಿದರೆ ನಾಳೆ ಎಲ್ಲರೂ ಹೀಗೇ ಹೇಳಿಕೊಂಡು ಬರುತ್ತಾರೆ. ಅವರ ಮಾತೂ ನಿಜ. ನನ್ನ ಬಳಿ ಏನಿತ್ತು, ಒಂದು ಪಶ್ಚಾತ್ತಾಪ ಇತ್ತು. ಅದಕ್ಕೆ ಸೀಲು ಬಿದ್ದಿರಲಿಲ್ಲ. ಇಪ್ಪತ್ತೆರಡು ಮನೆಯ ಸಹಿಗಳನ್ನು ಟೈಲರು ಮುಂದೆ ಚಾಚಿದಳು. ಅವರು ತೆಗೆದುಕೊಂಡು ಪಕ್ಕಕ್ಕಿಟ್ಟು ಮುಂದಿನ ಹೆಸರು ಕರೆಯಲು ಬಾಯಿ ತೆರೆದರು.

ಆಗ ಹಿಂದಿನಿಂದ ಒಬ್ಬರು ಕುರ್ಚಿಗಳ ನಡುವೆ ಜಾಗ ಮಾಡಿಕೊಂಡು ಬಂದರು. ಗಣಿತದ ಟೀಚರು. ಕಂಕುಳಲ್ಲಿ ಹಳೇ ಪ್ಲಾಸ್ಟಿಕ್ ಫೈಲು. ನಿವೃತ್ತಿಯಾದ ವಾರವೇ ಎಲ್ಲ ರದ್ದಿಗೆ ಹಾಕಿದ ನನ್ನಂಥವಳನ್ನು ಬಿಟ್ಟರೆ, ಸರ್ಕಾರಿ ಟೀಚರು ಮೊದಲ ನೇಮಕಾತಿಯಿಂದ ಹಿಡಿದು ಕ್ರೀಡಾಕೂಟದ ಡ್ಯೂಟಿಯವರೆಗೆ ಒಂದು ಆದೇಶವನ್ನೂ ಬಿಸಾಡುವುದಿಲ್ಲ, ಮದುವೆ ಸೀರೆ ಹರಿದರೂ ಅದು ಹರಿಯುವುದಿಲ್ಲ. ಅದರೊಳಗಿಂದ ಆ ಗಣತಿಯ ಡ್ಯೂಟಿ ಆದೇಶ ಹೊರತೆಗೆದರು. ಅವರ ಬ್ಲಾಕಿನ ಗಡಿ ಅದರಲ್ಲಿ ಬರೆದಿತ್ತು, ಕಾಲುವೆಯವರೆಗೆ ಎಂದು ಸ್ಪಷ್ಟವಾಗಿ. ಕೆಳಗೆ ಸೀಲು, ಸಹಿ.

"ಆ ಸಾಲು ನಂದು ಸಾರ್. ನಾನು ಹೋಗ್ಲಿಲ್ಲ" ಅಂದರು. "ಬಸುರಿ ಇದ್ದೆ, ಯಾರಿಗೂ ಹೇಳಿರ್ಲಿಲ್ಲ. ಇವ್ರು ನನಗೋಸ್ಕರ ಹೋದ್ರು. ಆ ಮಗು ಈಗ ಹೈಸ್ಕೂಲಲ್ಲಿದೆ."

ಬಿಳಿ ಷರ್ಟಿನವನೂ ಫೋನು ಕೆಳಗಿಟ್ಟ. ನನ್ನ ಟೈಲರು ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ಆಮೇಲೆ ಎದ್ದು ತನ್ನ ಕುರ್ಚಿ ಅವರ ಕಡೆ ತಳ್ಳಿ, ಕೂತ್ಕೊಳ್ಳಿ ಅಂದಳು. ಹದಿನಾಲ್ಕು ವರ್ಷದ ಹಿಂದಿನ ಬಸುರಿಗೆ ಅವಳು ಜಾಗ ಬಿಟ್ಟುಕೊಟ್ಟದ್ದು ಕಂಡು ನನಗೆ ನಗು ಬಂತು. ಅಧಿಕಾರಿ ಆದೇಶದ ಫೋಟೋ ತೆಗೆಸಿಕೊಂಡರು. ಯಾರು ಹೋದರು, ಯಾರು ಬಿಟ್ಟರು ಎಂಬುದನ್ನು ಅವರು ಕೇಳಲಿಲ್ಲ, ಬರೆದುಕೊಳ್ಳಲೂ ಇಲ್ಲ.

ಹೊರಗೆ ಬಂದು ಮೂವರೂ ಕಬ್ಬಿನ ಹಾಲು ಕುಡಿದೆವು. ಟೈಲರು ಗಣಿತದ ಟೀಚರನ್ನು ಮಗು ಹೆಣ್ಣೋ ಗಂಡೋ ಎಂದು ಕೇಳಿದಳು, ಹೆಣ್ಣು ಎಂದು ಗೊತ್ತಾದ ಮೇಲೆ ಲಂಗದ ಅಳತೆ ಕಳಿಸಿ ಅಂದಳು. ನನ್ನ ಜೊತೆ ಮಾತ್ರ ಇನ್ನೂ ಸ್ವಲ್ಪ ಬಿಗುವಾಗಿಯೇ ಇದ್ದಳು. ಇರಲಿ, ಅಷ್ಟು ಹಕ್ಕು ಅವಳಿಗಿದೆ.

ಅಂತಿಮ ಪಟ್ಟಿ ಬಂದ ದಿನ ಯಜಮಾನರು ಮತ್ತೆ ಎರಡು ಬೆರಳಲ್ಲಿ ಹಿಗ್ಗಿಸಿದರು. ಗೆರೆ ಕಾಲುವೆಯ ಗುಂಟ ನೆಟ್ಟಗೆ ಹೋಗಿತ್ತು. ಮೂಗು ಇರಲಿಲ್ಲ. ಇಪ್ಪತ್ತೆರಡು ಮನೆ ತಮ್ಮ ದಡದ ವಾರ್ಡಿಗೆ ಸೇರಿದ್ದವು. ಗಣಿತದ ಟೀಚರಿಗೆ ಫೋನು ಮಾಡಿದೆ, ಅವರ ನಿವೃತ್ತಿಯ ಫೈಲೂ ಯಾವ ಮೇಜಿನ ಮೇಲೂ ಕೂರದೆ ಹೋಗಿತ್ತಂತೆ. ಟೈಲರಿಗೆ ನಾನು ಮಾಡಲಿಲ್ಲ, ಅವಳೇ ಮಾಡಲಿ ಎಂದು ಕಾದೆ. ನಾಲ್ಕನೆಯ ದಿನ ಮಧ್ಯಾಹ್ನ ಅವಳ ಫೋನು ಬಂತು. ಹಿಂದೆ ಮೆಷಿನ್ನಿನ ಸದ್ದು ಕೇಳುತ್ತಿತ್ತು.

ಆಚೆ ದಡದ ಆಫೀಸಿಗೆ ಹೋಗಿದ್ದಳಂತೆ. ಇಂಜಿನಿಯರು ಪುಸ್ತಕ ತೆಗೆದು ನೋಡಿದರಂತೆ. ನಮ್ಮ ವಾರ್ಡಿನದಲ್ಲ ಅನ್ನಲಿಲ್ಲವಂತೆ.

"ಮತ್ತೆ ಏನಂದ್ರು?" ಅಂದೆ.

"ಈ ವರ್ಷ ಬಜೆಟ್ ಇಲ್ಲಮ್ಮ, ಮುಂದಿನ ವರ್ಷ ನೋಡೋಣ ಅಂದ್ರು."

ನನ್ನ ಪಿತ್ತ ನೆತ್ತಿಗೇರಿತು. ಬೈಯುವುದಕ್ಕೆ ಬಾಯಿ ತೆರೆದೆ, ಆದರೆ ಆ ಕಡೆ ಅವಳು ನಗುತ್ತಿದ್ದಳು. ಇಷ್ಟು ವರ್ಷದ ಪರಿಚಯದಲ್ಲಿ ಅವಳು ಅಷ್ಟು ನಿರಾಳವಾಗಿ ನಕ್ಕಿದ್ದನ್ನು ನಾನು ಕೇಳಿರಲಿಲ್ಲ.

"ಎಲ್ರಿಗೂ ಹೇಳೋದನ್ನೇ ನಮಗೂ ಹೇಳಿದ್ರು ಮೇಡಂ" ಅಂದಳು. "ನಾಳೆ ಸಾಲಿನೋರೆಲ್ಲ ಹೋಗಿ ಅಲ್ಲೇ ಕೂತ್ಕೋತೀವಿ. ಎಲ್ಲಿ ಕೂತ್ಕೋಬೇಕು ಅಂತ ಈಗ ಗೊತ್ತಾಯ್ತಲ್ಲ."